ಶಾಲಾ ಪ್ರಶ್ನೋತ್ತರ (ಜೀವಶಾಸ್ತ್ರ ಮತ್ತು ಸಾಹಿತ್ಯ)

ಶಾಲಾ ಪ್ರಶ್ನೋತ್ತರ ಎಂಬುದು ಪಾಠದ ಕೊನೆಯ ಅಭ್ಯಾಸದಲ್ಲಿ ಅಥವಾ ಪರೀಕ್ಷೆಯಲ್ಲಿ ಕೇಳಲಾಗುವ ಪ್ರಶ್ನೆಗಳಿಗೆ ವಿದ್ಯಾರ್ಥಿಯು ಬರವಣಿಗೆಯಲ್ಲಿ ಉತ್ತರ ಕೊಡುವ ಕ್ರಮವಾಗಿದೆ. ಕರ್ನಾಟಕದ ಪ್ರೌಢಶಾಲೆಗಳಲ್ಲಿ ಎಲ್ಲ ವಿಷಯಗಳಿಗೂ ಈ ಕ್ರಮ ರೂಢಿಯಲ್ಲಿದೆ. ಆದರೆ ಜೀವಶಾಸ್ತ್ರ ಮತ್ತು ಸಾಹಿತ್ಯ ಎಂಬ ಎರಡು ವಿಷಯಗಳಲ್ಲಿ ಉತ್ತರದ ಸ್ವರೂಪವು ಪರಸ್ಪರ ಭಿನ್ನವಾಗಿರುತ್ತದೆ. ಜೀವಶಾಸ್ತ್ರದ ಪ್ರಶ್ನೆಯು ಒಂದು ಸಂಗತಿ ಹೇಗೆ ಮತ್ತು ಯಾವ ಕಾರಣದಿಂದ ನಡೆಯುತ್ತದೆ ಎಂದು ಕೇಳುತ್ತದೆ. ಸಾಹಿತ್ಯದ ಪ್ರಶ್ನೆಯು ಒಂದು ಮಾತನ್ನು ಯಾರು, ಯಾವ ಸಂದರ್ಭದಲ್ಲಿ ಆಡಿದರು ಮತ್ತು ಅದರಿಂದ ಹೊರಡುವ ಅರ್ಥವೇನು ಎಂದು ಕೇಳುತ್ತದೆ. ಮರ, ಹುಲಿ, ಕಪ್ಪೆ, ಹಸುರು ಮೊದಲಾದ ವಸ್ತುಗಳು ಎರಡೂ ವಿಷಯಗಳ ಪಾಠಗಳಲ್ಲಿ ಬರುವುದರಿಂದ ಈ ವ್ಯತ್ಯಾಸವನ್ನು ಅರಿಯದ ವಿದ್ಯಾರ್ಥಿಯು ವಿಷಯ ತಿಳಿದಿದ್ದರೂ ಅಂಕ ಕಳೆದುಕೊಳ್ಳುವ ಸಂಭವವಿದೆ. ಈ ಲೇಖನವು ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಪರಿಸರದ ಉದಾಹರಣೆಗಳ ಮೂಲಕ ಈ ಎರಡು ಬಗೆಯ ಉತ್ತರಗಳನ್ನು ವಿವರಿಸುತ್ತದೆ.

ಹಿನ್ನೆಲೆ

ಆಡಳಿತದ ದೃಷ್ಟಿಯಿಂದ ತುಮಕೂರು ಜಿಲ್ಲೆಯು ತುಮಕೂರು ಮತ್ತು ಮಧುಗಿರಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ವಿಂಗಡಣೆಯಾಗಿದೆ. ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳು ತುಮಕೂರು ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ಹತ್ತನೆಯ ತರಗತಿಯ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ನಡೆಸುತ್ತದೆ. ಪ್ರಥಮ ಭಾಷೆಗೆ 125 ಅಂಕಗಳು, ಉಳಿದ ಐದು ವಿಷಯಗಳಿಗೆ ತಲಾ 100 ಅಂಕಗಳು, ಹೀಗೆ ಒಟ್ಟು 625 ಅಂಕಗಳು ನಿಗದಿಯಾಗಿವೆ. ಪ್ರಥಮ ಭಾಷೆಯಲ್ಲಿ 100 ಅಂಕಗಳು ಲಿಖಿತ ಪರೀಕ್ಷೆಗೂ 25 ಅಂಕಗಳು ಆಂತರಿಕ ಮೌಲ್ಯಮಾಪನಕ್ಕೂ ಮೀಸಲಾಗಿವೆ. ವಿಜ್ಞಾನದ 80 ಅಂಕಗಳ ಲಿಖಿತ ಪತ್ರಿಕೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರದ ಭಾಗಗಳು ಪ್ರತ್ಯೇಕವಾಗಿರುತ್ತವೆ. 2023-24ನೆಯ ಸಾಲಿನಿಂದ ಒಂದೇ ವರ್ಷದಲ್ಲಿ ಪರೀಕ್ಷೆ-1, 2 ಮತ್ತು 3 ಎಂಬ ಮೂರು ಅವಕಾಶಗಳನ್ನು ಕಲ್ಪಿಸಲಾಯಿತು.

ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದುವ ಮಕ್ಕಳಲ್ಲಿ ಅನೇಕರು ತಮ್ಮ ಮನೆಯಿಂದ ಪ್ರೌಢಶಾಲೆಗೆ ಬಂದ ಮೊದಲ ತಲೆಮಾರಿನವರು. ತುಮಕೂರಿನ ಸಿದ್ಧಗಂಗಾ ಮಠವು ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹದ ಮೂಲಕ ಸಾವಿರಾರು ಬಡ ಮಕ್ಕಳಿಗೆ ಓದಿನ ಅವಕಾಶ ಒದಗಿಸಿದ್ದು ಈ ಹಿನ್ನೆಲೆಯಲ್ಲಿ ಸ್ಮರಣೀಯ. ಅಂತಹ ಮಕ್ಕಳ ಮನೆಯಲ್ಲಿ ಉತ್ತರವನ್ನು ತಿದ್ದಿಕೊಡುವವರು ಇರುವುದಿಲ್ಲ. ಆದ್ದರಿಂದ ಗೈಡಿನಲ್ಲಿ ಅಚ್ಚಾದ ಉತ್ತರವನ್ನು ಬಾಯಿಪಾಠ ಮಾಡುವುದು ಸುಲಭದ ದಾರಿಯಾಗಿ ತೋರುತ್ತದೆ. ಪ್ರಶ್ನೆಯ ಒಂದು ಪದ ಬದಲಾದಾಗ ಬಾಯಿಪಾಠದ ಉತ್ತರವು ಪ್ರಶ್ನೆಗೆ ಹೊಂದದೆ ಹೋಗುತ್ತದೆ.

ಪ್ರಶ್ನೆಯ ಕ್ರಿಯಾಪದ

ಪ್ರಶ್ನೆಯ ಕೊನೆಯಲ್ಲಿ ಬರುವ ಕ್ರಿಯಾಪದವು ಉತ್ತರದ ಉದ್ದವನ್ನೂ ಸ್ವರೂಪವನ್ನೂ ನಿರ್ಧರಿಸುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಪ್ರಶ್ನಾರೂಪಗಳು ಹೀಗಿವೆ:

* ಹೆಸರಿಸಿ, ಪಟ್ಟಿ ಮಾಡಿ – ಪದ ಅಥವಾ ಪದಗುಚ್ಛ ಸಾಕು. ವಿವರಣೆ ಬೇಕಿಲ್ಲ.
* ವ್ಯಾಖ್ಯಾನಿಸಿ, ಎಂದರೇನು – ಆ ವಸ್ತುವಿಗೆ ಮಾತ್ರ ಸಲ್ಲುವ ಲಕ್ಷಣವನ್ನು ಒಂದೆರಡು ವಾಕ್ಯಗಳಲ್ಲಿ ಹೇಳಬೇಕು.
* ಕಾರಣ ಕೊಡಿ, ಏಕೆ – ಸಂಗತಿಯನ್ನು ಮತ್ತೆ ಹೇಳದೆ, ಅದಕ್ಕೆ ಕಾರಣವಾದ ಅಂಶವನ್ನು ಬರೆಯಬೇಕು.
* ವ್ಯತ್ಯಾಸ ತಿಳಿಸಿ – ಒಂದೇ ಅಂಶದ ಮೇಲೆ ಎರಡನ್ನೂ ಎದುರುಬದುರಾಗಿ ಇಟ್ಟು ಹೇಳಬೇಕು.
* ಚಿತ್ರ ಬರೆದು ಭಾಗಗಳನ್ನು ಗುರುತಿಸಿ – ಚಿತ್ರಕ್ಕೂ ಭಾಗಗಳ ಹೆಸರಿಗೂ ಅಂಕಗಳು ಹಂಚಿಕೆಯಾಗಿರುತ್ತವೆ.
* ಸಂದರ್ಭದೊಡನೆ ವಿವರಿಸಿ – ಆಯ್ಕೆ, ಸಂದರ್ಭ, ಸ್ವಾರಸ್ಯ ಎಂಬ ಮೂರು ಭಾಗಗಳು ಉತ್ತರದಲ್ಲಿ ಇರಬೇಕು.
* ಸಮರ್ಥಿಸಿ – ಕೊಟ್ಟ ಹೇಳಿಕೆಗೆ ಪಠ್ಯದಿಂದ ಅಥವಾ ಪ್ರಯೋಗದಿಂದ ಆಧಾರ ಒದಗಿಸಬೇಕು.

ಮೊದಲ ಐದು ರೂಪಗಳು ಜೀವಶಾಸ್ತ್ರದಲ್ಲಿ ಹೆಚ್ಚಾಗಿ ಕಂಡುಬರುತ್ತವೆ. ಸಂದರ್ಭ ವಿವರಣೆಯು ಭಾಷಾ ಪತ್ರಿಕೆಗೆ ವಿಶಿಷ್ಟವಾದುದು. 'ಸಮರ್ಥಿಸಿ' ಎಂಬ ಪ್ರಶ್ನೆ ಎರಡೂ ಕಡೆ ಬರುತ್ತದೆ. ಜೀವಶಾಸ್ತ್ರದಲ್ಲಿ ಅದರ ಆಧಾರವು ವೀಕ್ಷಣೆ ಅಥವಾ ಪ್ರಯೋಗವಾದರೆ ಸಾಹಿತ್ಯದಲ್ಲಿ ಅದು ಪಾತ್ರದ ಮಾತು, ನಡೆ ಅಥವಾ ಕವಿಯ ಪದಪ್ರಯೋಗವಾಗಿರುತ್ತದೆ.

ಜೀವಶಾಸ್ತ್ರದ ಉತ್ತರ

ಜೀವಶಾಸ್ತ್ರದ ಉತ್ತರದಲ್ಲಿ ಕ್ರಿಯೆಯ ಹಂತಗಳು ನಡೆಯುವ ಕ್ರಮದಲ್ಲಿಯೇ ಬರಬೇಕು. ಪಾರಿಭಾಷಿಕ ಪದಗಳು ಪಠ್ಯಪುಸ್ತಕದಲ್ಲಿ ಇರುವಂತೆಯೇ ಇರಬೇಕು. ಇಬ್ಬರು ವಿದ್ಯಾರ್ಥಿಗಳು ಸರಿಯಾಗಿ ಬರೆದರೆ ಇಬ್ಬರ ಉತ್ತರದ ತಿರುಳೂ ಒಂದೇ ಆಗಿರುತ್ತದೆ.

ಆಹಾರ ಸರಪಳಿ: ಕುಣಿಗಲ್ ಪಟ್ಟಣದ ದೊಡ್ಡ ಕೆರೆಯಂತಹ ಜಲಮೂಲವನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಪಾಚಿಯನ್ನು ಪ್ರಾಣಿಪ್ಲವಕಗಳೂ, ಅವುಗಳನ್ನು ಮೀನುಗಳೂ, ಮೀನುಗಳನ್ನು ಮಿಂಚುಳ್ಳಿಯೂ ತಿನ್ನುತ್ತವೆ. ಇದನ್ನು 'ಪಾಚಿ → ಪ್ರಾಣಿಪ್ಲವಕ → ಮೀನು → ಮಿಂಚುಳ್ಳಿ' ಎಂದು ಬರೆಯಲಾಗುತ್ತದೆ. ಬಾಣದ ಗುರುತು ಶಕ್ತಿ ಸಾಗುವ ದಿಕ್ಕನ್ನು ಸೂಚಿಸುವುದರಿಂದ ಅದು ಆಹಾರವಾಗುವ ಜೀವಿಯಿಂದ ತಿನ್ನುವ ಜೀವಿಯ ಕಡೆಗೆ ಇರಬೇಕು. 'ಮಿಂಚುಳ್ಳಿ ಮೀನನ್ನು ತಿನ್ನುತ್ತದೆ' ಎಂಬ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಣವನ್ನು ಹಿಮ್ಮುಖವಾಗಿ ಹಾಕುವುದು ಸಾಮಾನ್ಯ ದೋಷ. 1942ರಲ್ಲಿ ಅಮೆರಿಕದ ರೇಮಂಡ್ ಲಿಂಡೆಮನ್ ಪ್ರಕಟಿಸಿದ ಅಧ್ಯಯನದಿಂದ ಬೆಳೆದ ಹತ್ತು ಶೇಕಡಾ ನಿಯಮದಂತೆ ಒಂದು ಪೋಷಣಾ ಸ್ತರದಿಂದ ಮುಂದಿನ ಸ್ತರಕ್ಕೆ ಸುಮಾರು ಹತ್ತನೆಯ ಒಂದು ಭಾಗದಷ್ಟು ಶಕ್ತಿ ಮಾತ್ರ ಸಾಗುತ್ತದೆ. ಪಾಚಿಯಲ್ಲಿ 10,000 ಜೂಲ್ ಶಕ್ತಿ ಇದ್ದರೆ ಪ್ರಾಣಿಪ್ಲವಕಕ್ಕೆ 1,000, ಮೀನಿಗೆ 100, ಮಿಂಚುಳ್ಳಿಗೆ 10 ಜೂಲ್ ದೊರೆಯುತ್ತದೆ. ಉಳಿದ ಶಕ್ತಿಯ ಬಹುಭಾಗವು ಉಸಿರಾಟ ಮೊದಲಾದ ಜೀವಕ್ರಿಯೆಗಳಲ್ಲಿ ಉಷ್ಣವಾಗಿ ಹೊರಹೋಗುತ್ತದೆ. ಆಹಾರ ಸರಪಳಿಯಲ್ಲಿ ಸಾಮಾನ್ಯವಾಗಿ ನಾಲ್ಕೈದಕ್ಕಿಂತ ಹೆಚ್ಚು ಸ್ತರಗಳು ಏಕೆ ಇರುವುದಿಲ್ಲ ಎಂಬ ಪ್ರಶ್ನೆಗೆ ಇದೇ ಲೆಕ್ಕ ಉತ್ತರವಾಗುತ್ತದೆ.

ಅನುವಂಶೀಯತೆ: ಕುಣಿಗಲ್ ಕುದುರೆ ಸಾಕಣೆಗೆ ಹೆಸರಾದ ಊರು. ಇಲ್ಲಿನ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದಿಂದ ಪ್ರಸಿದ್ಧವಾಗಿದೆ. ಕುದುರೆಯ ಮೈಬಣ್ಣವು ಮೆಂಡೆಲನ ನಿಯಮಕ್ಕೆ ಉತ್ತಮ ಉದಾಹರಣೆ. ಕೂದಲಿನಲ್ಲಿ ಕಪ್ಪು ವರ್ಣಕ ಉಂಟಾಗಲು ಅವಕಾಶ ಕೊಡುವ ವಂಶವಾಹಿಯ ರೂಪವು ಪ್ರಬಲ. ಎರಡು ದುರ್ಬಲ ರೂಪಗಳು ಕೂಡಿದಾಗ ಕುದುರೆ ಕೆಂಚು ಬಣ್ಣದ್ದಾಗುತ್ತದೆ. ಪ್ರಬಲ ರೂಪವನ್ನು 'ಪ್ರ' ಎಂದೂ ದುರ್ಬಲ ರೂಪವನ್ನು 'ದು' ಎಂದೂ ಗುರುತಿಸಿದರೆ, ತಂದೆ ತಾಯಿಗಳೆರಡೂ 'ಪ್ರದು' ಆಗಿದ್ದಾಗ ಮರಿಗಳಲ್ಲಿ ಪ್ರಪ್ರ, ಪ್ರದು, ಪ್ರದು, ದುದು ಎಂಬ ನಾಲ್ಕು ಸಂಯೋಜನೆಗಳು ಸಾಧ್ಯ. ಹೀಗಾಗಿ ಕೆಂಚಲ್ಲದ ತಂದೆ ತಾಯಿಗಳಿಗೂ ಕೆಂಚು ಮರಿ ಹುಟ್ಟಬಹುದು. ಎರಡು ಕೆಂಚು ಕುದುರೆಗಳಿಗೆ ಕೆಂಚು ಮರಿಯೇ ಹುಟ್ಟುತ್ತದೆ.

ಇಲ್ಲಿ ವಿದ್ಯಾರ್ಥಿಗಳು '3:1 ಅನುಪಾತ' ಎಂದು ಬರೆದು, ನಾಲ್ಕು ಮರಿಗಳಲ್ಲಿ ಒಂದು ಕೆಂಚಾಗಿಯೇ ಇರುತ್ತದೆ ಎಂದು ಸೇರಿಸುವುದುಂಟು. ಕುದುರೆಯು ಸುಮಾರು ಹನ್ನೊಂದು ತಿಂಗಳ ಗರ್ಭಾವಧಿಯ ನಂತರ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಪ್ರತಿ ಮರಿಯೂ ಕೆಂಚಾಗುವ ಸಂಭವ ನಾಲ್ಕರಲ್ಲಿ ಒಂದು ಎಂಬುದಷ್ಟೇ ಈ ಅನುಪಾತದ ಅರ್ಥ. ನಾಲ್ಕು ಮರಿಗಳೂ ಬೇರೆ ಬಣ್ಣದವಾಗಿರಬಹುದು, ಎರಡು ಕೆಂಚೂ ಆಗಬಹುದು.

ಸಸ್ಯಗಳ ಸಂತಾನೋತ್ಪತ್ತಿ: ಗುಬ್ಬಿ ತಾಲ್ಲೂಕಿನ ಚೇಳೂರು ಪ್ರದೇಶವು ಹಲಸಿಗೆ ಹೆಸರುವಾಸಿ. ಅಲ್ಲಿನ ಕೃಷಿಕರೊಬ್ಬರ ಜಮೀನಿನಲ್ಲಿದ್ದ ತಾಮ್ರಗೆಂಪು ತೊಳೆಯ ಹಲಸಿನ ಮರವನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತುಮಕೂರು ಸಮೀಪದ ಹಿರೇಹಳ್ಳಿಯಲ್ಲಿರುವ ತನ್ನ ಕೇಂದ್ರದ ಮೂಲಕ ಗುರುತಿಸಿತು. ಅದರ ಕಸಿ ಗಿಡಗಳು 'ಸಿದ್ದು' ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ಬಂದವು. ಬೀಜ ಬಿತ್ತಿ ಸಸಿ ಮಾಡದೆ ಕಸಿಯನ್ನೇ ಏಕೆ ಮಾಡಬೇಕು ಎಂಬುದು 'ಕಾಯಜ ಸಂತಾನೋತ್ಪತ್ತಿಯ ಅನುಕೂಲಗಳು' ಎಂಬ ಪಠ್ಯಭಾಗದ ಪ್ರಶ್ನೆಗೆ ಸಮನಾದುದು. ಹಲಸು ಪರಕೀಯ ಪರಾಗಸ್ಪರ್ಶ ಹೊಂದುವ ಮರ. ಅದರ ಬೀಜದಲ್ಲಿ ಇನ್ನೊಂದು ಮರದ ಗುಣಗಳೂ ಬೆರೆತಿರುವುದರಿಂದ ಹುಟ್ಟುವ ಸಸಿಯಲ್ಲಿ ತಾಯಿಮರದ ತೊಳೆಯ ಬಣ್ಣ, ರುಚಿಗಳು ಉಳಿಯುವ ಭರವಸೆ ಇಲ್ಲ. ಕಸಿಕೊಂಬೆಯು ತಾಯಿಮರದ ದೇಹಭಾಗವೇ ಆದ್ದರಿಂದ ಅದರ ಗುಣಗಳು ಹಾಗೆಯೇ ಮುಂದುವರಿಯುತ್ತವೆ. ಕಸಿ ಗಿಡ ಬೇಗ ಫಲ ಕೊಡುತ್ತದೆ ಎಂಬ ಎರಡನೆಯ ಅಂಶವನ್ನೂ ಸೇರಿಸಿದರೆ ಉತ್ತರ ಪೂರ್ಣವಾಗುತ್ತದೆ.

ಇದೇ ಪ್ರದೇಶದ ಮತ್ತೊಂದು ಮುಖ್ಯ ಬೆಳೆಯಾದ ತೆಂಗು ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಬರುತ್ತದೆ. ಎಳನೀರು ಎಂಬುದು ಕೋಶಭಿತ್ತಿಗಳಿನ್ನೂ ರೂಪುಗೊಳ್ಳದ, ಅಸಂಖ್ಯ ಕೋಶಕೇಂದ್ರಗಳು ತೇಲುತ್ತಿರುವ ಭ್ರೂಣಾಹಾರ. ಸುತ್ತಲಿನ ಬಿಳಿಯ ತಿರುಳು ಕೋಶಗಳಾಗಿ ವಿಭಜನೆಗೊಂಡ ಭ್ರೂಣಾಹಾರ.

ಸಾಹಿತ್ಯದ ಉತ್ತರ

ಸಾಹಿತ್ಯದ ಉತ್ತರದಲ್ಲಿ ಪಠ್ಯವೇ ಸಾಕ್ಷಿ. 'ಸಂದರ್ಭದೊಡನೆ ವಿವರಿಸಿ' ಎಂಬ ಪ್ರಶ್ನೆಗೆ ಮೊದಲು ಆಯ್ಕೆಯನ್ನು ಬರೆಯಬೇಕು. ಎಂದರೆ ವಾಕ್ಯವನ್ನು ಯಾವ ಕವಿ ಅಥವಾ ಲೇಖಕರ ಯಾವ ಪಾಠದಿಂದ ಆರಿಸಲಾಗಿದೆ ಎಂಬುದನ್ನು ತಿಳಿಸಬೇಕು. ಅನಂತರ ಯಾರು ಯಾರಿಗೆ ಯಾವಾಗ ಹೇಳಿದರು ಎಂಬ ಸಂದರ್ಭ ಬರುತ್ತದೆ. ಕೊನೆಯದು ಸ್ವಾರಸ್ಯ. ಮೊದಲ ಎರಡು ಭಾಗಗಳನ್ನು ನೆನಪಿನಿಂದ ಬರೆಯಬಹುದು. ಮೂರನೆಯ ಭಾಗಕ್ಕೆ ಆ ಮಾತನ್ನು ಮತ್ತೊಮ್ಮೆ ಓದಿ, ಪಾತ್ರದ ಸ್ವಭಾವವನ್ನೋ ಕವಿಯ ಧೋರಣೆಯನ್ನೋ ಅದು ಹೇಗೆ ಹೊರಗೆಡವುತ್ತದೆ ಎಂದು ಯೋಚಿಸಬೇಕಾಗುತ್ತದೆ. 'ಈ ಮಾತು ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ' ಎಂಬ ವಾಕ್ಯವೊಂದನ್ನೇ ಬರೆದು ಮುಗಿಸುವುದು ಬಹಳಷ್ಟು ಉತ್ತರಗಳಲ್ಲಿ ಕಾಣುವ ಕೊರತೆ.

ಅಲಂಕಾರದ ಪ್ರಶ್ನೆಗೆ ಹೆಸರು, ಲಕ್ಷಣ ಮತ್ತು ಸಮನ್ವಯ ಎಂಬ ಮೂರು ಅಂಗಗಳಿವೆ. 'ಕೆರೆಯ ನೀರು ಕನ್ನಡಿಯಂತೆ ಹೊಳೆಯುತ್ತಿತ್ತು' ಎಂಬ ವಾಕ್ಯದಲ್ಲಿ ನೀರು ಉಪಮೇಯ, ಕನ್ನಡಿ ಉಪಮಾನ, ಅಂತೆ ಎಂಬುದು ಉಪಮಾ ವಾಚಕ, ಹೊಳೆಯುವುದು ಸಮಾನ ಧರ್ಮ. ಉಪಮೇಯವಾದ ನೀರನ್ನು ಉಪಮಾನವಾದ ಕನ್ನಡಿಗೆ ಹೋಲಿಸಿರುವುದರಿಂದ ಇದು ಉಪಮಾಲಂಕಾರ ಎಂಬ ಸಮನ್ವಯದ ವಾಕ್ಯವಿಲ್ಲದೆ ಉತ್ತರ ಮುಗಿಯುವುದಿಲ್ಲ. ಛಂದಸ್ಸಿನ ಪ್ರಶ್ನೆಗೆ ಪ್ರಸ್ತಾರ ಹಾಕಿ, ಗಣ ವಿಭಾಗಿಸಿ, ಛಂದಸ್ಸಿನ ಹೆಸರನ್ನು ಸೂಚಿಸಬೇಕು. ವ್ಯಾಕರಣ ಮತ್ತು ಛಂದಸ್ಸಿನ ಭಾಗಗಳಲ್ಲಿ ಭಾಷಾ ಪತ್ರಿಕೆಯೂ ವಿಜ್ಞಾನದಂತೆ ಖಚಿತ ಉತ್ತರವನ್ನೇ ಬೇಡುತ್ತದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಜನಿಸಿದ ತೀ.ನಂ. ಶ್ರೀಕಂಠಯ್ಯನವರ (1906–1966) 'ಕನ್ನಡ ಮಧ್ಯಮ ವ್ಯಾಕರಣ'ವು ಶಾಲಾ ವಿದ್ಯಾರ್ಥಿಗಳಿಗೆ ಈ ಖಚಿತತೆಯನ್ನು ಕಲಿಸಿದ ಗ್ರಂಥಗಳಲ್ಲಿ ಒಂದು. ಅದೇ ವಿದ್ವಾಂಸರ 'ಭಾರತೀಯ ಕಾವ್ಯಮೀಮಾಂಸೆ'ಯು ರಸ, ಧ್ವನಿ, ಔಚಿತ್ಯಗಳನ್ನು ಚರ್ಚಿಸುವ ಗ್ರಂಥ. ಸಾಹಿತ್ಯದ ಅಭ್ಯಾಸಕ್ಕೆ ನಿಯಮದ ತಿಳಿವಳಿಕೆ ಮತ್ತು ಅರ್ಥದ ಅನ್ವೇಷಣೆ ಎರಡೂ ಬೇಕೆಂಬುದಕ್ಕೆ ಈ ಎರಡು ಕೃತಿಗಳು ನಿದರ್ಶನ.

ಕವಿ ಪರಿಚಯದ ಪ್ರಶ್ನೆಗೆ ಕಾಲ, ಸ್ಥಳ, ಕೃತಿ ಮತ್ತು ಬಿರುದು ಅಥವಾ ಪ್ರಶಸ್ತಿಗಳನ್ನು ವಾಕ್ಯರೂಪದಲ್ಲಿ ಬರೆಯಬೇಕು. ಇಲ್ಲಿ ಹೆಸರುಗಳ ಗೊಂದಲ ಸಹಜ. ಗುಬ್ಬಿ ಎಂಬ ಒಂದೇ ಊರಿನ ಹೆಸರು ಹದಿನಾರನೆಯ ಶತಮಾನದಲ್ಲಿ 'ಭಾವಚಿಂತಾರತ್ನ' ರಚಿಸಿದ ಗುಬ್ಬಿಯ ಮಲ್ಲಣಾರ್ಯನಿಗೂ, 1884ರಲ್ಲಿ ಸ್ಥಾಪನೆಯಾದ ಗುಬ್ಬಿ ನಾಟಕ ಕಂಪನಿಗೂ, ಆ ಕಂಪನಿಯನ್ನು ಬೆಳೆಸಿದ ರಂಗಕರ್ಮಿ ಗುಬ್ಬಿ ವೀರಣ್ಣನವರಿಗೂ (1891–1972) ಅಂಟಿಕೊಂಡಿದೆ. ಜೀವಶಾಸ್ತ್ರದ ಪತ್ರಿಕೆಯಲ್ಲಿ ಗುಬ್ಬಿ ಎಂದರೆ ಪ್ಯಾಸರ್ ಡೊಮೆಸ್ಟಿಕಸ್ ಎಂಬ ವೈಜ್ಞಾನಿಕ ಹೆಸರಿನ ಹಕ್ಕಿ ಮಾತ್ರ.

ಒಂದೇ ವಸ್ತು, ಎರಡು ಉತ್ತರ

ಶಿರಾ ತಾಲ್ಲೂಕಿನ ಬರಗೂರಿನವರಾದ ಬರಗೂರು ರಾಮಚಂದ್ರಪ್ಪನವರ ನೇತೃತ್ವದ ಸಮಿತಿಯು ಪರಿಷ್ಕರಿಸಿದ ಹತ್ತನೆಯ ತರಗತಿಯ ಪ್ರಥಮ ಭಾಷಾ ಪಠ್ಯದಲ್ಲಿ ಪ್ರಾಣಿ, ಸಸ್ಯಗಳು ಬರುವ ಹಲವು ಪಾಠಗಳಿದ್ದವು. ಅವುಗಳನ್ನು ವಿಜ್ಞಾನದ ಪಾಠಗಳ ಪಕ್ಕದಲ್ಲಿಟ್ಟು ನೋಡಿದಾಗ ಎರಡು ಬಗೆಯ ಉತ್ತರಗಳ ಅಂತರ ಸ್ಪಷ್ಟವಾಗುತ್ತದೆ.

ಹಸುರು: 'ಎಲೆ ಹಸುರಾಗಿ ಕಾಣುವುದೇಕೆ?' ಎಂಬ ಜೀವಶಾಸ್ತ್ರದ ಪ್ರಶ್ನೆಗೆ, ಎಲೆಯಲ್ಲಿರುವ ಪತ್ರಹರಿತ್ತು ಬೆಳಕಿನ ಕೆಂಪು ಮತ್ತು ನೀಲಿ ಭಾಗಗಳನ್ನು ಹೆಚ್ಚಾಗಿ ಹೀರಿಕೊಂಡು ಹಸುರನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ ಎಂಬುದು ಉತ್ತರ. ಕುವೆಂಪು ಅವರ 'ಹಸುರು' ಕವಿತೆಯಲ್ಲಿ ಹಸುರು ಎಲೆಯನ್ನು ಮೀರಿ ಸುತ್ತಲಿನ ಎಲ್ಲವನ್ನೂ ವ್ಯಾಪಿಸುತ್ತದೆ. ಅಲ್ಲಿ ಪತ್ರಹರಿತ್ತಿನ ಮಾತಿಗೆ ಅಂಕವಿಲ್ಲ. ನೋಡುವ ಕವಿಯ ಮನಸ್ಸು ಪ್ರಕೃತಿಯಲ್ಲಿ ಒಂದಾಗುವ ಅನುಭವವನ್ನು ಕವಿತೆಯ ಚಿತ್ರಗಳ ಆಧಾರದಿಂದ ವಿವರಿಸಬೇಕು.

ಹುಲಿ: ಎ.ಎನ್. ಮೂರ್ತಿರಾಯರ 'ವ್ಯಾಘ್ರಗೀತೆ'ಯು ಕಾಡುದಾರಿಯಲ್ಲಿ ಶಾನುಭೋಗರೊಬ್ಬರನ್ನು ಹಿಂಬಾಲಿಸುವ ಹುಲಿಯ ಕಥೆ. ಬೆನ್ನ ಹಿಂದಿನಿಂದ ಎರಗಿ ಕೊಲ್ಲುವುದು ಧರ್ಮವಲ್ಲ ಎಂಬುದು ಆ ಹುಲಿಯ ನಿಲುವು. ಪ್ರಾಣಿವಿಜ್ಞಾನದ ಪ್ರಕಾರ ಹುಲಿಯು ಹೊಂಚುಹಾಕಿ ಬೇಟೆಯಾಡುವ ಪ್ರಾಣಿ. ಅದು ಸಾಮಾನ್ಯವಾಗಿ ಹಿಂದಿನಿಂದ ಅಥವಾ ಪಕ್ಕದಿಂದಲೇ ಎರಗುತ್ತದೆ. ಇದೇ ಕಾರಣಕ್ಕೆ ಸುಂದರಬನದಲ್ಲಿ ಕಾಡಿಗೆ ಹೋಗುವವರು ತಲೆಯ ಹಿಂಬದಿಗೆ ಮುಖವಾಡ ಕಟ್ಟಿಕೊಳ್ಳುವ ಪ್ರಯೋಗ ನಡೆದಿತ್ತು. 'ಹುಲಿಯ ಧರ್ಮಪ್ರಜ್ಞೆಯನ್ನು ವಿವರಿಸಿ' ಎಂಬ ಪ್ರಶ್ನೆಗೆ 'ಹುಲಿಗೆ ಧರ್ಮಪ್ರಜ್ಞೆ ಇರುವುದಿಲ್ಲ' ಎಂದು ಬರೆಯುವುದು ವಿಜ್ಞಾನವಾಗಿ ಸರಿಯಾದರೂ ಉತ್ತರವಾಗಿ ತಪ್ಪು. ಹುಲಿಯ ಸಹಜ ಸ್ವಭಾವಕ್ಕೆ ತೀರ ವಿರುದ್ಧವಾದ ನಡೆಯನ್ನು ಲೇಖಕರು ಅದಕ್ಕೆ ಆರೋಪಿಸಿರುವುದರಿಂದಲೇ ಹಾಸ್ಯ ಹುಟ್ಟುತ್ತದೆ. ಈ ಅಂಶವನ್ನು ಗುರುತಿಸಲು ಹುಲಿಯ ನಿಜವಾದ ಸ್ವಭಾವ ತಿಳಿದಿರುವುದು ಸಹಾಯಕ. ಇಲ್ಲಿ ಒಂದು ವಿಷಯದ ತಿಳಿವಳಿಕೆ ಇನ್ನೊಂದರ ಸ್ವಾರಸ್ಯಕ್ಕೆ ದಾರಿಯಾಗುತ್ತದೆ.

ಟೊಳ್ಳು ಮರ: ಹನ್ನೊಂದನೆಯ ಶತಮಾನದ ದುರ್ಗಸಿಂಹನ 'ಪಂಚತಂತ್ರ'ದಿಂದ ಆಯ್ದ 'ವೃಕ್ಷಸಾಕ್ಷಿ' ಪಾಠದಲ್ಲಿ ದುಷ್ಟಬುದ್ಧಿಯು ಮರದ ಪೊಟರೆಯಲ್ಲಿ ತನ್ನ ತಂದೆಯನ್ನು ಅಡಗಿಸಿ, ಮರವೇ ಸಾಕ್ಷಿ ನುಡಿಯಿತೆಂದು ನಂಬಿಸಲು ಹೊರಡುತ್ತಾನೆ. ಸಾಹಿತ್ಯದ ಉತ್ತರವು ಸುಳ್ಳುಸಾಕ್ಷಿಯ ಫಲ, ಧರ್ಮಬುದ್ಧಿಯ ಜಾಣ್ಮೆ, ಮಗನ ದುರಾಸೆಗೆ ಬಲಿಯಾಗುವ ತಂದೆಯ ಅಸಹಾಯಕತೆಗಳನ್ನು ಕುರಿತದ್ದು. ಇದೇ ಮರವನ್ನು ಕುರಿತು ಜೀವಶಾಸ್ತ್ರದಲ್ಲಿ ಕೇಳಬಹುದಾದ ಪ್ರಶ್ನೆ ಬೇರೆ: ಒಬ್ಬ ಮನುಷ್ಯ ಹಿಡಿಸುವಷ್ಟು ಟೊಳ್ಳಾದ ಮರ ಬದುಕಿರುವುದು ಹೇಗೆ? ಕಾಂಡದ ನಡುವಿನ ಚೇಗು ನಿರ್ಜೀವ ಕೋಶಗಳಿಂದ ಕೂಡಿದ್ದು, ಮುಖ್ಯವಾಗಿ ಆಧಾರ ಕೊಡುತ್ತದೆ. ನೀರನ್ನು ಸಾಗಿಸುವ ಕ್ಸೈಲಂ ಭಾಗವೂ ಆಹಾರವನ್ನು ಸಾಗಿಸುವ ಫ್ಲೋಯಂ ಭಾಗವೂ ಹೊರ ಅಂಚಿಗೆ ಸಮೀಪದಲ್ಲಿರುತ್ತವೆ. ಆದ್ದರಿಂದ ನಡುಭಾಗ ಕೊಳೆತು ಹೋದರೂ ಮರ ಚಿಗುರುತ್ತದೆ. ಸುತ್ತಲಿನ ತೊಗಟೆಯನ್ನು ಉಂಗುರದಂತೆ ಕೆತ್ತಿ ತೆಗೆದರೆ ಟೊಳ್ಳಿಲ್ಲದ ಮರವೂ ಕಾಲಕ್ರಮದಲ್ಲಿ ಸಾಯುತ್ತದೆ.

ಕಲ್ಲಿನೊಳಗಿನ ಕಪ್ಪೆ: ತುಮಕೂರು ನಗರದ ಸಮೀಪದ ಕೈದಾಳವು ಹನ್ನೆರಡನೆಯ ಶತಮಾನದ ಚನ್ನಕೇಶವ ದೇವಾಲಯಕ್ಕೂ ಶಿಲ್ಪಿ ಜಕಣಾಚಾರಿಯ ಐತಿಹ್ಯಕ್ಕೂ ಪ್ರಸಿದ್ಧ. ಬೇಲೂರಿನಲ್ಲಿ ಜಕಣಾಚಾರಿ ಕೆತ್ತುತ್ತಿದ್ದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಯುವಕನೊಬ್ಬ ಹೇಳುತ್ತಾನೆ. ದೋಷ ಸಾಬೀತಾದರೆ ತನ್ನ ಬಲಗೈಯನ್ನು ಕತ್ತರಿಸಿಕೊಳ್ಳುವುದಾಗಿ ಶಿಲ್ಪಿ ಪಣತೊಡುತ್ತಾನೆ. ಗಂಧ ಲೇಪಿಸಿದಾಗ ಒಂದೆಡೆ ಮಾತ್ರ ಅದು ಒಣಗುವುದಿಲ್ಲ. ಅಲ್ಲಿ ಉಳಿಯೇಟು ಬಿದ್ದಾಗ ನೀರಿನೊಂದಿಗೆ ಕಪ್ಪೆ ಹೊರಬರುತ್ತದೆ. ಶಿಲ್ಪಿ ನುಡಿದಂತೆ ನಡೆಯುತ್ತಾನೆ. ಆ ಯುವಕನೇ ತನ್ನ ಮಗ ಡಂಕಣನೆಂದು ಬಳಿಕ ತಿಳಿಯುತ್ತದೆ. ಊರಿಗೆ ಮರಳಿ ಚನ್ನಕೇಶವನ ಗುಡಿಯನ್ನು ಕಟ್ಟಿದಾಗ ಕೈ ಮರಳಿ ಬಂದಿತೆಂದೂ, ಅದರಿಂದ ಊರಿಗೆ ಕೈದಾಳ ಎಂಬ ಹೆಸರಾಯಿತೆಂದೂ ಐತಿಹ್ಯ ಹೇಳುತ್ತದೆ.

ಕಪ್ಪೆಯು ಶ್ವಾಸಕೋಶಗಳಿಂದಲೂ ತೇವವಾದ ಚರ್ಮದಿಂದಲೂ ಉಸಿರಾಡುತ್ತದೆ. ಬೇಸಿಗೆಯಲ್ಲಿ ಮಣ್ಣಿನೊಳಗೆ ಗ್ರೀಷ್ಮನಿದ್ರೆಯಲ್ಲಿ ಇರುವಾಗಲೂ ಅದಕ್ಕೆ ಸ್ವಲ್ಪ ಪ್ರಮಾಣದ ಆಮ್ಲಜನಕ ಮತ್ತು ತೇವ ಬೇಕೇ ಬೇಕು. 1825ರಲ್ಲಿ ಇಂಗ್ಲೆಂಡಿನ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ಕಲ್ಲಿನ ಗೂಡುಗಳಲ್ಲಿ ನೆಲಗಪ್ಪೆಗಳನ್ನಿಟ್ಟು ಮುಚ್ಚಿ, ಮಣ್ಣಿನಲ್ಲಿ ಹೂತು ಪರೀಕ್ಷಿಸಿದರು. ಒಂದು ವರ್ಷದ ನಂತರ ತೆರೆದಾಗ ಗಟ್ಟಿ ಮರಳುಗಲ್ಲಿನಲ್ಲಿದ್ದವು ಸತ್ತಿದ್ದವು. ಗಾಳಿ, ನೀರು ನುಸುಳಬಲ್ಲ ಸುಣ್ಣಗಲ್ಲಿನಲ್ಲಿದ್ದವುಗಳಲ್ಲಿ ಕೆಲವು ಬದುಕಿದ್ದರೂ ಎರಡನೆಯ ವರ್ಷ ಮುಗಿಯುವುದರೊಳಗೆ ಅವೂ ಸತ್ತವು. ಹೀಗಾಗಿ ಬಂಡೆಯೊಳಗೆ ಸಂಪೂರ್ಣವಾಗಿ ಮುಚ್ಚಿಹೋದ ಕಪ್ಪೆ ದೀರ್ಘಕಾಲ ಬದುಕಲಾರದು ಎಂಬುದು ಜೀವಶಾಸ್ತ್ರದ ಉತ್ತರ.

ಐತಿಹ್ಯವನ್ನು ಕುರಿತ ಸಾಹಿತ್ಯದ ಪ್ರಶ್ನೆಗೆ ಈ ಪ್ರಯೋಗ ಉತ್ತರವಾಗದು. ಹೊರಗೆ ನಯವಾಗಿ ಕಾಣುವ ವಸ್ತುವಿನ ಒಳಗಿನ ದೋಷ, ಕಿರಿಯನ ಮಾತಿಗೆ ಹಿರಿಯನು ತಲೆಬಾಗುವುದು, ಆಡಿದ ಮಾತಿಗೆ ತಪ್ಪದಿರುವುದು ಎಂಬ ಮೂರು ಆಶಯಗಳು ಕಥೆಯಲ್ಲಿವೆ. ಕಪ್ಪೆಯು ಈ ಮೂರನ್ನೂ ಒಂದುಗೂಡಿಸುವ ಸಂಕೇತ. 'ಕಪ್ಪೆ ಬದುಕಿರಲು ಸಾಧ್ಯವಿಲ್ಲ, ಆದ್ದರಿಂದ ಕಥೆ ಸುಳ್ಳು' ಎಂದು ಸಾಹಿತ್ಯದಲ್ಲಿ ಬರೆಯುವುದೂ, 'ಕಥೆಯಲ್ಲಿ ಹೀಗೆ ಬಂದಿದೆ, ಆದ್ದರಿಂದ ಕಪ್ಪೆ ಬದುಕಬಲ್ಲದು' ಎಂದು ವಿಜ್ಞಾನದಲ್ಲಿ ಬರೆಯುವುದೂ ಒಂದೇ ತಪ್ಪಿನ ಎರಡು ಮುಖಗಳು.

ಕೆರೆ: ಆಹಾರ ಸರಪಳಿಗೆ ಉದಾಹರಣೆಯಾದ ಕುಣಿಗಲ್ ಕೆರೆಯೇ ಅದರ ಅಂದವನ್ನು ಕೊಂಡಾಡುವ ಪ್ರಸಿದ್ಧ ಜನಪದ ಗೀತೆಯ ವಸ್ತುವ�ೂ ಆಗಿದೆ. ವಿಜ್ಞಾನದ ಉತ್ತರದಲ್ಲಿ ಕೆರೆಯು ಜೈವಿಕ ಮತ್ತು ಅಜೈವಿಕ ಘಟಕಗಳ ಪರಿಸರ ವ್ಯವಸ್ಥೆ. ಜನಪದ ಗೀತೆಯ ಉತ್ತರದಲ್ಲಿ ಅದು ನಾಡಿನ ಜನರ ಹೆಮ್ಮೆ. ಹಾಡನ್ನು ಕುರಿತ ಉತ್ತರದಲ್ಲಿ ಪುನರಾವರ್ತನೆ, ಲಯ, ಆಡುಮಾತಿನ ಸೊಗಡುಗಳನ್ನು ಗಮನಿಸಬೇಕು.

ಸಾಮಾನ್ಯ ದೋಷಗಳು

ಜೀವಶಾಸ್ತ್ರದಲ್ಲಿ ನಂಬಿಕೆ ಮತ್ತು ಕಾರಣಗಳನ್ನು ಬೆರೆಸುವುದು ಒಂದು ದೋಷ. ರಾತ್ರಿ ಹುಣಸೆ ಮರದ ಕೆಳಗೆ ಮಲಗಬಾರದು ಎಂಬ ಹಳ್ಳಿಯ ಮಾತನ್ನು ಆಧರಿಸಿ 'ಸಸ್ಯಗಳು ರಾತ್ರಿ ಮಾತ್ರ ಉಸಿರಾಡುತ್ತವೆ' ಎಂದು ಬರೆಯುವುದುಂಟು. ಸಸ್ಯಗಳು ಹಗಲೂ ರಾತ್ರಿಯೂ ಉಸಿರಾಡುತ್ತವೆ. ಹಗಲಿನಲ್ಲಿ ದ್ಯುತಿಸಂಶ್ಲೇಷಣೆಯು ಉಸಿರಾಟಕ್ಕಿಂತ ವೇಗವಾಗಿ ನಡೆಯುವುದರಿಂದ ಒಟ್ಟಾರೆ ಆಮ್ಲಜನಕ ಹೊರಬರುತ್ತದೆ. ರಾತ್ರಿ ಉಸಿರಾಟ ಮಾತ್ರ ಮುಂದುವರಿಯುವುದರಿಂದ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಬಯಲಿನಲ್ಲಿ ಆ ಪ್ರಮಾಣವು ಮನುಷ್ಯನಿಗೆ ಅಪಾಯ ತರುವಷ್ಟು ಇರುವುದಿಲ್ಲ.

'ಏಕೆ' ಎಂಬ ಪ್ರಶ್ನೆಗೆ 'ಹೇಗೆ' ಎಂಬುದರ ಉತ್ತರ ಬರೆಯುವುದು, ವ್ಯತ್ಯಾಸ ಕೇಳಿದಾಗ ಒಂದರ ಲಕ್ಷಣವನ್ನು ಮಾತ್ರ ಬರೆಯುವುದು, ಚಿತ್ರದ ಗೆರೆಗಳು ಭಾಗವನ್ನು ಮುಟ್ಟದಿರುವುದು ಇತರ ದೋಷಗಳು. ಸಾಹಿತ್ಯದಲ್ಲಿ ಕಥೆಯನ್ನು ಪೂರ್ತಿ ಹೇಳಿ ಪ್ರಶ್ನೆಯನ್ನು ಮರೆಯುವುದು, ಪಾತ್ರದ ಮಾತನ್ನು ಲೇಖಕರ ಅಭಿಪ್ರಾಯವೆಂದು ಭಾವಿಸುವುದು, ಹಳಗನ್ನಡದ ಪದಕ್ಕೆ ಇಂದಿನ ಅರ್ಥ ಹಚ್ಚುವುದು ಹೆಚ್ಚಾಗಿ ಕಾಣುತ್ತವೆ.

ಮೌಲ್ಯಮಾಪನ ಮತ್ತು ಸ್ವಪರಿಶೀಲನೆ

ವಿಜ್ಞಾನದ ಉತ್ತರಪತ್ರಿಕೆಯಲ್ಲಿ ಅಂಶಗಳಿಗೆ ಅನುಗುಣವಾಗಿ ಅಂಕ ಹಂಚಿಕೆಯಾಗಿರುತ್ತದೆ. ಆದ್ದರಿಂದ ಎರಡು ಅಂಕದ ಪ್ರಶ್ನೆಗೆ ಎರಡು ಸ್ಪಷ್ಟ ಅಂಶಗಳಿರುವುದು ಮುಖ್ಯ. ಭಾಷಾ ಪತ್ರಿಕೆಯ ದೀರ್ಘ ಉತ್ತರಗಳಲ್ಲಿ ವಿಷಯದ ಜೊತೆಗೆ ಭಾಷಾಶುದ್ಧಿ ಮತ್ತು ನಿರೂಪಣೆಯೂ ಗಣನೆಗೆ ಬರುತ್ತವೆ. ಮಂಡಲಿಯು ಪರೀಕ್ಷೆಯ ನಂತರ ಮಾದರಿ ಉತ್ತರಗಳನ್ನು ಪ್ರಕಟಿಸುತ್ತದೆ. ಫಲಿತಾಂಶದ ಬಳಿಕ ವಿದ್ಯಾರ್ಥಿಯು ನಿಗದಿತ ಶುಲ್ಕ ಪಾವತಿಸಿ ತನ್ನ ಉತ್ತರಪತ್ರಿಕೆಯ ಪ್ರತಿಯನ್ನು ಪಡೆಯಲು, ಅಗತ್ಯವಿದ್ದರೆ ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಮಾದರಿ ಉತ್ತರವನ್ನು ಬಾಯಿಪಾಠಕ್ಕೆ ಬಳಸುವುದಕ್ಕಿಂತ, ಮೊದಲು ಸ್ವಂತ ಉತ್ತರ ಬರೆದು ಅದರೊಂದಿಗೆ ಹೋಲಿಸಿ ನೋಡುವುದು ಹೆಚ್ಚು ಉಪಯುಕ್ತ. ಬಿಟ್ಟುಹೋದ ಅಂಶ ಯಾವುದು, ಪ್ರಶ್ನೆಯ ಯಾವ ಪದವನ್ನು ಗಮನಿಸಲಿಲ್ಲ ಎಂಬುದು ಆಗ ತಿಳಿಯುತ್ತದೆ.

ಎರಡು ವಿಷಯಗಳ ಸಂಬಂಧ

ಉತ್ತರದ ಕ್ರಮ ಬೇರೆಯಾದರೂ ಎರಡು ವಿಷಯಗಳು ಪರಸ್ಪರ ವಿರೋಧಿಗಳಲ್ಲ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು (1918–1980) ವಿದ್ಯಾರ್ಥಿಗಳೊಂದಿಗೆ ಕೈಗೊಂಡ ಸಸ್ಯಾನ್ವೇಷಣೆಯ ಪ್ರವಾಸಗಳನ್ನು 'ಹಸುರು ಹೊನ್ನು' ಕೃತಿಯಲ್ಲಿ ನಿರೂಪಿಸಿದರು. ಆ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಸಸ್ಯದ ಲಕ್ಷಣಗಳನ್ನು ಖಚಿತವಾಗಿ ಹೇಳುವ ಶಿಸ್ತು ಮತ್ತು ಓದುಗನನ್ನು ನಗಿಸುವ ನಿರೂಪಣೆ ಅದರಲ್ಲಿ ಜೊತೆಯಾಗಿ ಸಾಗುತ್ತವೆ. ಶಾಲಾ ವಿದ್ಯಾರ್ಥಿಯ ಮಟ್ಟದಲ್ಲಿ ಇದರ ತಾತ್ಪರ್ಯ ಸರಳ. ಪ್ರಶ್ನೆಯನ್ನು ಎರಡು ಬಾರಿ ಓದಿ, ಅದು ಕಾರಣವನ್ನು ಕೇಳುತ್ತಿದೆಯೋ ಅರ್ಥವನ್ನು ಕೇಳುತ್ತಿದೆಯೋ ಎಂದು ನಿರ್ಧರಿಸಿಕೊಂಡ ನಂತರ ಬರೆಯಲು ತೊಡಗಿದರೆ, ತಿಳಿದ ವಿಷಯವು ಸರಿಯಾದ ಸ್ಥಾನದಲ್ಲಿ ಉಪಯೋಗಕ್ಕೆ ಬರುತ್ತದೆ.